ಮೂರು ತಿಂಗಳ ಲೆಕ್ಕವೂ ಅದರ ಕೆಳಗಣ ಟಿಪ್ಪಣಿಯೂ

ಕೆನರಾ ಬ್ಯಾಂಕಿನ ತ್ರೈಮಾಸಿಕ ಲೆಕ್ಕಪತ್ರಗಳನ್ನು ವರ್ಷಾನುಕ್ರಮದಲ್ಲಿ ಪೇರಿಸಿಕೊಂಡು ಓದುತ್ತ ಹೋಗುವವನಿಗೆ ಒಂದು ವಿಚಿತ್ರವಾದ ಕಾಕತಾಳೀಯವು ಕಣ್ಣಿಗೆ ಬೀಳುತ್ತದೆ: 2016ರ ಮಾರ್ಚ್ 31ಕ್ಕೆ ಮುಗಿದ ಮೂರು ತಿಂಗಳಲ್ಲಿ ಆ ಬ್ಯಾಂಕು ತೋರಿಸಿದ ನಿವ್ವಳ ನಷ್ಟ 3,905 ಕೋಟಿ ರೂಪಾಯಿ, 2024ರ ಜೂನ್ 30ಕ್ಕೆ ಮುಗಿದ ಮೂರು ತಿಂಗಳಲ್ಲಿ ಅದೇ ಬ್ಯಾಂಕು ತೋರಿಸಿದ ನಿವ್ವಳ ಲಾಭವೂ 3,905 ಕೋಟಿ ರೂಪಾಯಿ. ನಾಲ್ಕು ಅಂಕಿಗಳೂ ಅವೇ; ಚಿಹ್ನೆ ಮಾತ್ರ ಅದಲುಬದಲು. ಈ ನಡುವಣ ಎಂಟು ವರ್ಷಗಳಲ್ಲಿ ಬ್ಯಾಂಕಿನ ಆರೋಗ್ಯ ಸುಧಾರಿಸಿತೆಂಬುದರಲ್ಲಿ ಸಂದೇಹವಿಲ್ಲ; ಒಟ್ಟು ಸಾಲದಲ್ಲಿ ಅನುತ್ಪಾದಕವೆಂದು ಎಣಿಸಲ್ಪಟ್ಟ ಭಾಗವು ಶೇಕಡಾ 9.40ರಿಂದ 4.14ಕ್ಕೆ ಇಳಿದಿತ್ತು. ಆದರೆ ಈ ಎರಡು ಪತ್ರಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಕೂಡಿ ಕಳೆಯುವವನು ಮೊದಲಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಈ ಎರಡನ್ನೂ ಅಳೆದ ಕೋಲು ಒಂದೇ ಆಗಿತ್ತೆ?

ಆಗಿರಲಿಲ್ಲ. ಆಗಿರಲಿಲ್ಲವೆಂಬುದನ್ನು ಬ್ಯಾಂಕು ಮರೆಮಾಚಲೂ ಇಲ್ಲ. ಲೆಕ್ಕದ ಕೋಷ್ಟಕದ ಕೆಳಗೆ, ಸಣ್ಣ ಅಕ್ಷರಗಳಲ್ಲಿ, ಕ್ರಮಸಂಖ್ಯೆ ಹಾಕಿದ ಟಿಪ್ಪಣಿಗಳಲ್ಲಿ ಅದು ಮುದ್ರಿತವಾಗಿಯೇ ಇದೆ. ಓದುವವರು ಇಲ್ಲವೆಂಬುದೊಂದೇ ಕೊರತೆ.

ಈ ವಿಷಯವು ಮುಂಬಯಿಯ ಷೇರುಪೇಟೆಯವರಿಗೆ ಸಂಬಂಧಿಸಿದ್ದು, ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಂಥ ಹೋಬಳಿ ಕೇಂದ್ರದಲ್ಲಿ ರಾಗಿ ಬೆಳೆಯುವವನಿಗೂ ಹಸು ಕಟ್ಟಿದವನಿಗೂ ಇದರಿಂದ ಆಗಬೇಕಾದದ್ದೇನು ಎಂದು ಯಾರಾದರೂ ಕೇಳಬಹುದು. ಆಗಬೇಕಾದದ್ದು ಬಹಳವಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಅಗ್ರಣೀ ಬ್ಯಾಂಕು (ಲೀಡ್ ಬ್ಯಾಂಕು) ಕೆನರಾ ಬ್ಯಾಂಕೇ. ಜಮೀನು ಮಾರಿಯೋ ಭೂಸ್ವಾಧೀನದ ಪರಿಹಾರವಾಗಿಯೋ ಕೈಸೇರಿದ ಹಣವನ್ನು ಠೇವಣಿಯಿಟ್ಟು ಅದರ ಬಡ್ಡಿಯಲ್ಲಿ ಬಾಳುವ ಸಂಸಾರಗಳು ರಾಜಧಾನಿಯ ಸುತ್ತಣ ಈ ತಾಲ್ಲೂಕುಗಳಲ್ಲಿ ಈಗ ಅಪರೂಪವಲ್ಲ. ಠೇವಣಿ ವಿಮೆಯ ಮಿತಿಯಾದರೋ 2020ರ ಫೆಬ್ರವರಿಯಿಂದೀಚೆಗೆ ಒಂದು ಬ್ಯಾಂಕಿನಲ್ಲಿ ಒಬ್ಬನಿಗೆ ಐದು ಲಕ್ಷ ರೂಪಾಯಿ. ಐದು ಲಕ್ಷಕ್ಕೆ ಮೇಲ್ಪಟ್ಟ ಹಣವನ್ನು ಒಂದೆಡೆ ಇಟ್ಟವನು, ಇಟ್ಟ ಸಂಸ್ಥೆಯ ಸ್ಥಿತಿಯನ್ನು ತಾನೇ ಓದಿ ತಿಳಿಯತಕ್ಕವನಾದನೆಂದೇ ಅರ್ಥ.

ಓದುವುದಕ್ಕೆ ಸಿಕ್ಕುವುದು ಏನು? ಷೇರುಪೇಟೆಯಲ್ಲಿ ಹೆಸರು ನೋಂದಾಯಿಸಿದ ಪ್ರತಿಯೊಂದು ಸಂಸ್ಥೆಯೂ ಪ್ರತಿ ಮೂರು ತಿಂಗಳು ಮುಗಿದ 45 ದಿನಗಳೊಳಗೆ ಆ ಅವಧಿಯ ಲೆಕ್ಕವನ್ನು ಪ್ರಕಟಿಸಬೇಕು, ಕಡೆಯ ತ್ರೈಮಾಸಿಕದ ಲೆಕ್ಕವನ್ನು ವರ್ಷದ ಪರಿಶೋಧಿತ ಲೆಕ್ಕದೊಡನೆ 60 ದಿನಗಳೊಳಗೆ ಪ್ರಕಟಿಸಬೇಕು ಎಂಬುದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2015ರ ನಿಯಮಾವಳಿಯ ಮೂವತ್ತಮೂರನೆಯ ನಿಯಮದ ವಿಧಿ. ಕೇಂದ್ರ ಕಚೇರಿಯಿರುವ ಪ್ರಾಂತದ ಭಾಷೆಯ ಪತ್ರಿಕೆಯಲ್ಲಿಯೂ ಜಾಹೀರಾತು ಕೊಡಬೇಕೆಂಬ ನಿಯಮವಿರುವುದರಿಂದ, ಬೆಂಗಳೂರಿನ ಬ್ಯಾಂಕಿನ ಫಲಿತಾಂಶವು ಕನ್ನಡ ದಿನಪತ್ರಿಕೆಯ ಒಳಪುಟದಲ್ಲಿ ಚೌಕಟ್ಟಿನೊಳಗೆ ಕಾಣಿಸಿಕೊಳ್ಳುತ್ತದೆ. ದುರದೃಷ್ಟವೇನೆಂದರೆ ಆ ಚೌಕಟ್ಟಿನಲ್ಲಿ ಇರುವುದು ಹೆಚ್ಚೆಂದರೆ ಸಾರಾಂಶ ಮಾತ್ರ. ಟಿಪ್ಪಣಿಗಳನ್ನೆಲ್ಲ ಬ್ಯಾಂಕಿನ ಅಥವಾ ಷೇರುಪೇಟೆಯ ಜಾಲತಾಣದಲ್ಲಿ ಹುಡುಕಬೇಕು. ಸಾರಾಂಶವು ಕನ್ನಡದಲ್ಲಿ, ಸಾರವು ಇಂಗ್ಲಿಷಿನಲ್ಲಿ ಎಂಬುದು ಈ ವ್ಯವಸ್ಥೆಯ ಒಂದು ಲಕ್ಷಣ.

ಹಿಂದಿನ ಕಾಲದಲ್ಲಿ ಇಷ್ಟೂ ಇರಲಿಲ್ಲವೆಂಬುದನ್ನು ಮರೆಯಬಾರದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಸ್ಥಾಪಿಸಿದ ನಿಧಿಯು ಬೆಳೆದು ಕೆನರಾ ಬ್ಯಾಂಕಾಗಿ, 1969ರ ಜುಲೈ 19ರಂದು ರಾಷ್ಟ್ರೀಕೃತವಾಗಿ, 2002ರಲ್ಲಿ ಸಾರ್ವಜನಿಕರಿಗೆ ಷೇರು ಮಾರಿ ಪೇಟೆಗೆ ಬರುವ ತನಕ, ಮೂರು ಮೂರು ತಿಂಗಳಿಗೆ ತನ್ನ ಲೆಕ್ಕವನ್ನು ಲೋಕದ ಮುಂದಿಡುವ ಕಟ್ಟಳೆ ಅದಕ್ಕೆ ಇರಲಿಲ್ಲ. ವರ್ಷಕ್ಕೊಮ್ಮೆ ಇಟ್ಟ ಲೆಕ್ಕವಾದರೂ ಎಂಥದು? 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಕೊಟ್ಟಿದ್ದ ಹಳೆಯ ನಮೂನೆಯ ಪ್ರಕಾರ, ಬಡ್ಡಿಯ ಆದಾಯವೆಂಬ ಮೊತ್ತಮೊದಲ ಸಾಲನ್ನೇ, ಮುಳುಗಿದ ಮತ್ತು ಸಂದೇಹಾಸ್ಪದವಾದ ಸಾಲಗಳಿಗಾಗಿ ತೆಗೆದಿರಿಸಿದ ಹಣವನ್ನೂ ಇತರ ವಾಡಿಕೆಯ ಅಥವಾ ಅವಶ್ಯವಾದ ಬಾಬ್ತುಗಳನ್ನೂ ಕಳೆದ ಮೇಲೆಯೇ ತೋರಿಸಬಹುದಾಗಿತ್ತು. ಎಷ್ಟು ಕಳೆದರು, ಯಾತಕ್ಕೆ ಕಳೆದರು ಎಂಬುದನ್ನು ಹೇಳತಕ್ಕ ಕಟ್ಟುಪಾಡಿರಲಿಲ್ಲ. ಒಳ್ಳೆಯ ವರ್ಷದಲ್ಲಿ ಹೆಚ್ಚು ಕಳೆದು ಗುಪ್ತವಾಗಿ ಕೂಡಿಡುವುದು, ಕೆಟ್ಟ ವರ್ಷದಲ್ಲಿ ಆ ಗುಪ್ತ ಗಂಟನ್ನು ಸದ್ದಿಲ್ಲದೆ ಬಿಚ್ಚುವುದು, ಇವೆರಡೂ ಆಗ ವಿವೇಕವೆಂದೇ ಎಣಿಸಲ್ಪಡುತ್ತಿದ್ದವು. ಠೇವಣಿದಾರನು ಗಾಬರಿಗೊಳ್ಳದಿರಲೆಂಬುದು ಅದರ ಸಮರ್ಥನೆ. ಆ ಸಮರ್ಥನೆಯಲ್ಲಿ ಹುರುಳು ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಓದುಗನನ್ನು ಮಗುವೆಂದು ಭಾವಿಸಿದ ಲೆಕ್ಕ ಅದು. 1992ರ ಮಾರ್ಚ್ 31ಕ್ಕೆ ಮುಗಿದ ವರ್ಷದಿಂದ ಹೊಸ ನಮೂನೆ ಬಂದು, ತೆಗೆದಿರಿಸಿದ ಹಣಕ್ಕೆ ಪ್ರತ್ಯೇಕವಾದ ಸಾಲು ದೊರೆಯಿತು. ಬ್ಯಾಂಕಿಂಗ್ ಸುಧಾರಣೆಗಾಗಿ ನೇಮಕವಾಗಿದ್ದ ನರಸಿಂಹಂ ಸಮಿತಿಯ ಶಿಫಾರಸಿನ ಬೆನ್ನಲ್ಲೇ ಆದಾಯವನ್ನು ಯಾವಾಗ ಆದಾಯವೆನ್ನಬೇಕು, ಸಾಲವನ್ನು ಯಾವಾಗ ಕೆಟ್ಟದ್ದೆನ್ನಬೇಕು ಎಂಬ ನಿಯಮಗಳೂ ಬಂದವು.

ಇಂಥ ನಿಯಮಗಳಲ್ಲಿ ಬ್ಯಾಂಕು ಅವಲಂಬಿಸಿದವುಗಳ ಸಮುಚ್ಚಯಕ್ಕೆ ಲೆಕ್ಕದ ನೀತಿಯೆಂದು ಹೆಸರು. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನು ಸೇರಿನಲ್ಲಿ ಅಳೆಯುತ್ತಿದ್ದ ಕಾಲದಲ್ಲಿ, ಅಂಚಿಗೆ ಸಮನಾಗಿ ಸವರಿ ಅಳೆದರೆ ಒಂದು ಲೆಕ್ಕ, ಗೋಪುರ ಕಟ್ಟಿ ಅಳೆದರೆ ಇನ್ನೊಂದು ಲೆಕ್ಕ ಬರುತ್ತಿತ್ತು. ರಾಶಿ ಅದೇ, ಸೇರೂ ಅದೇ, ಸಂಖ್ಯೆ ಬೇರೆ. ಹೇಗೆ ಅಳೆದೆನೆಂದು ಮೊದಲೇ ಹೇಳಿದವನೊಡನೆ ಯಾವ ಜಗಳವೂ ಇರಲಿಲ್ಲ. ಮಧ್ಯಾವಧಿಯ ಲೆಕ್ಕವನ್ನು ಕುರಿತು ನಮ್ಮ ಲೆಕ್ಕಪರಿಶೋಧಕರ ಸಂಸ್ಥೆಯು 2002ರಲ್ಲಿ ಹೊರಡಿಸಿದ ಇಪ್ಪತ್ತೈದನೆಯ ಲೆಕ್ಕಮಾನಕವು ಇದನ್ನೇ ವಿಧಿಸುತ್ತದೆ: ವರ್ಷದ ಲೆಕ್ಕಕ್ಕೆ ಅನುಸರಿಸಿದ ನೀತಿಯನ್ನೇ ಮೂರು ತಿಂಗಳ ಲೆಕ್ಕಕ್ಕೂ ಅನುಸರಿಸತಕ್ಕದ್ದು, ನಡುವೆ ನೀತಿ ಬದಲಾದರೆ ಬದಲಾಯಿತೆಂದು ಸಾರತಕ್ಕದ್ದು, ಆದ ಪರಿಣಾಮವನ್ನು ತಿಳಿಸತಕ್ಕದ್ದು. ದೊಡ್ಡ ಕಂಪನಿಗಳು ಅಂತರರಾಷ್ಟ್ರೀಯ ಧಾಟಿಯ ಹೊಸ ಮಾನಕಗಳಿಗೆ ದಾಟಿಹೋದ ಮೇಲೂ ಬ್ಯಾಂಕುಗಳು ಹಳೆಯದರಲ್ಲಿಯೇ ನಿಂತಿವೆಯೆಂಬುದು ಇಲ್ಲಿ ಗಮನಾರ್ಹ; 2018ರ ಏಪ್ರಿಲಿಗೆಂದು ಗೊತ್ತುಮಾಡಿದ್ದ ಆ ದಾಟುವಿಕೆಯನ್ನು ರಿಸರ್ವ್ ಬ್ಯಾಂಕು ಮೊದಲು ಒಂದು ವರ್ಷ ಮುಂದೂಡಿ, 2019ರ ಮಾರ್ಚ್ ತಿಂಗಳಲ್ಲಿ ಮುಂದಿನ ಆಜ್ಞೆಯಾಗುವವರೆಗೆ ಎಂದು ತಡೆಹಿಡಿಯಿತು.

ಮತ್ತೆ 2016ರ ಆ ನಷ್ಟಕ್ಕೆ ಬರೋಣ. ಆ ಆರ್ಥಿಕ ವರ್ಷದ ಮೊದಲ ಆರು ತಿಂಗಳು ಕೆನರಾ ಬ್ಯಾಂಕು ಒಟ್ಟು ಸಾವಿರ ಕೋಟಿಗೂ ಮೀರಿದ ಲಾಭವನ್ನು ತೋರಿಸಿತ್ತು. ಡಿಸೆಂಬರಿನ ತ್ರೈಮಾಸಿಕದಲ್ಲಿ ಲಾಭವು 85 ಕೋಟಿಗೆ ಕುಸಿಯಿತು. ಮಾರ್ಚಿನಲ್ಲಿ 3,905 ಕೋಟಿ ನಷ್ಟವಾಯಿತು. ಮೂರು ತಿಂಗಳಲ್ಲಿ ಸಾಲಗಾರರೆಲ್ಲ ಒಟ್ಟಾಗಿ ದಿವಾಳಿಯೆದ್ದರೇ? ಹಾಗಲ್ಲ. 2015ರಲ್ಲಿ ರಿಸರ್ವ್ ಬ್ಯಾಂಕು ಎಲ್ಲ ದೊಡ್ಡ ಬ್ಯಾಂಕುಗಳ ಸಾಲದ ಕಡತಗಳನ್ನು ತೆರೆಯಿಸಿ ಪರೀಕ್ಷೆ ನಡೆಸಿ, ಉತ್ತಮವೆಂದು ಬರೆದಿದ್ದ ಅನೇಕ ಸಾಲಗಳನ್ನು ಕೆಟ್ಟವೆಂದು ಬರೆಯಿರಿ, ಡಿಸೆಂಬರ್ ಮತ್ತು ಮಾರ್ಚ್ ತ್ರೈಮಾಸಿಕಗಳೊಳಗೆ ಅವುಗಳಿಗೆ ಹಣ ತೆಗೆದಿರಿಸಿರಿ ಎಂದು ಆಜ್ಞಾಪಿಸಿತ್ತು. ಕಂತು ತಪ್ಪಿ 90 ದಿನ ಮೀರಿದರೆ ಸಾಲ ಅನುತ್ಪಾದಕವೆಂಬ ನೀತಿಯು 2004ರ ಮಾರ್ಚಿನಿಂದಲೂ ಇದ್ದದ್ದೇ. ಅದರಲ್ಲಿ ಅಕ್ಷರವೂ ಬದಲಾಗಲಿಲ್ಲ. ಬದಲಾದದ್ದು ಅಂದಾಜು. ಲೆಕ್ಕಶಾಸ್ತ್ರವು ಈ ಎರಡಕ್ಕೂ ನಡುವೆ ಸೂಕ್ಷ್ಮವಾದ ಗೆರೆಯನ್ನೆಳೆಯುತ್ತದೆ: ಅಳೆಯುವ ವಿಧಾನ ಬದಲಾದರೆ ನೀತಿಯ ಬದಲಾವಣೆ, ವಿಧಾನ ಅದೇ ಇದ್ದು, ಈ ಸಾಲ ಬಂದೀತೇ ಬಾರದೇ ಎಂಬ ತೀರ್ಮಾನ ಬದಲಾದರೆ ಅಂದಾಜಿನ ಬದಲಾವಣೆ. ನೀತಿಯನ್ನು ಬದಲಿಸಿದ ಬ್ಯಾಂಕು ಅದನ್ನು ಟಿಪ್ಪಣಿಯಲ್ಲಿ ಸಾರಬೇಕಾಗುತ್ತದೆ. ಅಂದಾಜನ್ನು ಸಡಿಲಗೊಳಿಸಿದ ಬ್ಯಾಂಕು ಅನೇಕ ವೇಳೆ ಏನನ್ನೂ ಹೇಳದೆ ಪಾರಾಗಿಬಿಡಬಲ್ಲುದು. ನನ್ನ ಮಟ್ಟಿಗೆ, ಓದುಗನು ಭಯಪಡಬೇಕಾದದ್ದು ಎರಡನೆಯದಕ್ಕೆ. 2015ರ ಆ ಪರೀಕ್ಷೆಯ ಅನುಭವದ ಫಲವಾಗಿಯೇ, ಬ್ಯಾಂಕು ತೋರಿಸಿದ ಕೆಟ್ಟ ಸಾಲಕ್ಕೂ ರಿಸರ್ವ್ ಬ್ಯಾಂಕಿನ ಪರೀಕ್ಷಕರು ಕಂಡ ಕೆಟ್ಟ ಸಾಲಕ್ಕೂ ಗೊತ್ತಾದ ಮಿತಿಯನ್ನು ಮೀರಿದ ಅಂತರವಿದ್ದರೆ ಅದನ್ನು ಬ್ಯಾಂಕೇ ಪ್ರಕಟಿಸಬೇಕೆಂಬ ನಿಯಮವು 2017ರ ಏಪ್ರಿಲಿನಲ್ಲಿ ಬಂತು.

90 ದಿನಗಳ ಈ ನಿಯಮವು ಜಡಿಗೇನಹಳ್ಳಿಯ ಹೊಲಕ್ಕೆ ಅನ್ವಯಿಸುವುದಿಲ್ಲವೆಂಬುದು ಈ ಶಾಸ್ತ್ರದ ಸ್ವಾರಸ್ಯವಾದ ಭಾಗಗಳಲ್ಲೊಂದು. ಹೊಸಕೋಟೆಯ ಕಾರ್ಖಾನೆಯವನ ಕಂತು ತಪ್ಪಿದರೆ ತೊಂಬತ್ತು ದಿನಗಳಲ್ಲಿ ಅವನ ಸಾಲ ಕೆಟ್ಟಿತು. ಮಳೆಯನ್ನು ನಂಬಿ ಆಷಾಢ ಶ್ರಾವಣಗಳಲ್ಲಿ ರಾಗಿ ಬಿತ್ತಿ, ಕಾರ್ತಿಕ ಮಾರ್ಗಶಿರಗಳಲ್ಲಿ ಕೊಯ್ದು, ಕಣ ಮಾಡಿ, ಕಾಳು ಮಾರಿ ಹಣ ಕಾಣುವವನಿಗೆ ಆ ಗಡುವು ಅರ್ಥಹೀನ. ಆದುದರಿಂದ ಅಲ್ಪಾವಧಿಯ ಬೆಳೆಯ ಮೇಲಣ ಸಾಲವು ಎರಡು ಬೆಳೆಗಾಲಗಳವರೆಗೆ ಸುಸ್ತಿಯಾಗಿ ಉಳಿದರೆ ಮಾತ್ರ ಅನುತ್ಪಾದಕ. ವರ್ಷಕ್ಕಿಂತ ದೀರ್ಘವಾದ ಬೆಳೆಗಾದರೆ ಒಂದು ಬೆಳೆಗಾಲ. ಬೆಳೆಗಾಲವೆಂದರೆ ಎಷ್ಟು ತಿಂಗಳು? ಅದನ್ನು ಗೊತ್ತುಮಾಡುವುದು ಆಯಾ ರಾಜ್ಯದ ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿ. ಕರ್ನಾಟಕದಲ್ಲಿ ಆ ಸಮಿತಿಯ ಸಂಚಾಲಕತ್ವವು ಮೊದಲು ಸಿಂಡಿಕೇಟ್ ಬ್ಯಾಂಕಿನದಾಗಿದ್ದು, ಅದು ವಿಲೀನವಾದ ಮೇಲೆ ಕೆನರಾ ಬ್ಯಾಂಕಿಗೆ ಬಂದಿದೆ. ಹೀಗೆ ರಾಗಿಯ ಪೈರು ಎಷ್ಟು ದಿನ ಹೊಲದಲ್ಲಿ ನಿಲ್ಲುತ್ತದೆಂಬ ಕೃಷಿಯ ಸಂಗತಿಯು, ಕೋಟಿಗಳಲ್ಲಿ ಎಣಿಸುವ ಲೆಕ್ಕಪತ್ರದ ಒಂದು ಸಾಲಿನೊಳಗೆ ನಿಶ್ಶಬ್ದವಾಗಿ ಹೊಕ್ಕು ಕುಳಿತಿದೆ. ಬೇಸಾಯದ ಸಾಲ ಹೆಚ್ಚಾಗಿರುವ ಬ್ಯಾಂಕಿನ ಒಂದು ತ್ರೈಮಾಸಿಕವನ್ನು ಅದರ ಹಿಂದಿನ ತ್ರೈಮಾಸಿಕದೊಡನೆ ಹೋಲಿಸುವುದಕ್ಕಿಂತ ಹಿಂದಿನ ವರ್ಷದ ಅದೇ ತ್ರೈಮಾಸಿಕದೊಡನೆ ಹೋಲಿಸುವುದು ಯುಕ್ತವೆನ್ನುವುದಕ್ಕೆ ಇದೇ ಕಾರಣ. ಋತುಮಾನದಿಂದ ಏರಿಳಿಯುವ ವ್ಯವಹಾರವಾದರೆ ಅದನ್ನು ಟಿಪ್ಪಣಿಯಲ್ಲಿ ವಿವರಿಸಬೇಕೆಂದು ಇಪ್ಪತ್ತೈದನೆಯ ಮಾನಕವೂ ಹೇಳುತ್ತದೆ.

ಹೋಬಳಿಯ ಶಾಖೆಯಿಂದ ಹೊರಟ ಅಂಕಿ ಕೇಂದ್ರ ಕಚೇರಿಯನ್ನು ಸೇರುವ ಪರಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ವರ್ಷದ ಲೆಕ್ಕಕ್ಕೆ ಪೂರ್ಣ ಪರಿಶೋಧನೆ. ಮೂರು ತಿಂಗಳ ಲೆಕ್ಕಕ್ಕೆ ಸೀಮಿತ ಪರಾಮರ್ಶೆ ಮಾತ್ರ. ಇದರಲ್ಲಿ ಪರಿಶೋಧಕರು ದೊಡ್ಡ ಶಾಖೆಗಳ ಸಾಲಗಳನ್ನು ನೋಡಿ, ಅಧಿಕಾರಿಗಳನ್ನು ವಿಚಾರಿಸಿ, ಅಂಕಿಗಳ ಪರಸ್ಪರ ಸಂಗತತೆಯನ್ನು ತೂಗುತ್ತಾರೆ. ಉಳಿದ ಸಾವಿರಾರು ಸಣ್ಣ ಶಾಖೆಗಳ ಲೆಕ್ಕವನ್ನು ಪರಾಮರ್ಶೆಗೆ ಒಳಪಡದ ವಿವರಣಪತ್ರಗಳ ಆಧಾರದ ಮೇಲೆಯೇ ಸ್ವೀಕರಿಸುತ್ತಾರೆ, ಹಾಗೆ ಸ್ವೀಕರಿಸಿದೆವೆಂದು ತಮ್ಮ ವರದಿಯಲ್ಲಿ ಬರೆದೂ ಇರುತ್ತಾರೆ. ನೌಕರರ ನಿವೃತ್ತಿವೇತನಾದಿಗಳಿಗೂ ತೆರಿಗೆಗೂ ತೆಗೆದಿರಿಸುವ ಹಣವು ಮಧ್ಯಾವಧಿಯಲ್ಲಿ ಅಂದಾಜಿನದು, ವರ್ಷಾಂತ್ಯದಲ್ಲಿ ಸರಿಪಡಿಸತಕ್ಕದ್ದು. ಕಡೆಯ ತ್ರೈಮಾಸಿಕವಂತೂ ಸ್ವತಂತ್ರವಾಗಿ ಅಳೆದದ್ದೇ ಅಲ್ಲ. ವರ್ಷದ ಪರಿಶೋಧಿತ ಮೊತ್ತದಿಂದ ಒಂಬತ್ತು ತಿಂಗಳ ಮೊತ್ತವನ್ನು ಕಳೆದು ಉಳಿದದ್ದು. ಮಾರ್ಚ್ ತ್ರೈಮಾಸಿಕಗಳಲ್ಲಿ ಅನಿರೀಕ್ಷಿತಗಳು ಹೆಚ್ಚಾಗಿ ಸಂಭವಿಸುವುದಕ್ಕೆ ಇದೂ ಒಂದು ಕಾರಣ.

ಟಿಪ್ಪಣಿಯನ್ನು ಓದದಿದ್ದರೆ ಏನಾಗುತ್ತದೆಂಬುದಕ್ಕೆ 2020ರ ಜೂನ್ ತ್ರೈಮಾಸಿಕವು ನಿದರ್ಶನ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಪಿಗ್ಮಿ ಠೇವಣಿ ಸಂಗ್ರಹಿಸಿ ಹೆಸರಾಗಿದ್ದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಸಾವಿರ ಷೇರುಗಳಿಗೆ ಕೆನರಾದ 158 ಷೇರುಗಳು ಎಂಬುದು ವಿನಿಮಯದ ಲೆಕ್ಕ. ಆ ತ್ರೈಮಾಸಿಕದಲ್ಲಿ ಕೆನರಾ ಬ್ಯಾಂಕಿನ ಲಾಭ 406 ಕೋಟಿ, ಹಿಂದಿನ ವರ್ಷದ ಅದೇ ಅವಧಿಯಲ್ಲಿ 329 ಕೋಟಿ. ಲಾಭ ಶೇಕಡಾ 23ರಷ್ಟು ಏರಿತೆಂದು ವರದಿಯಾಯಿತು. ಏರಿದ್ದು ನಿಜ, ಆದರೆ ಎಡಗಡೆಯ ಅಂಕಣದಲ್ಲಿದ್ದದ್ದು ಎರಡು ಬ್ಯಾಂಕುಗಳ ಸಂಯುಕ್ತ ಲೆಕ್ಕ, ಬಲಗಡೆಯಲ್ಲಿದ್ದದ್ದು ಒಂದೇ ಬ್ಯಾಂಕಿನ ಲೆಕ್ಕ. ಹಿಂದಿನ ಅವಧಿಯ ಅಂಕಿಗಳು ಹೋಲಿಕೆಗೆ ಒದಗವೆಂಬ ಒಂದು ವಾಕ್ಯವೇ ಆ ಪತ್ರದ ಅತಿಮುಖ್ಯ ವಾಕ್ಯವಾಗಿತ್ತು.

ಅದೇ ವರ್ಷ ಇನ್ನೊಂದು ಅಪೂರ್ವ ಪ್ರಸಂಗ ನಡೆಯಿತು. ಕೋವಿಡ್ ಕಾಲದ ಕಂತುವಿನಾಯಿತಿಯ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಸೆಪ್ಟೆಂಬರ್ 3ರಂದು, ಆಗಸ್ಟ್ 31ರವರೆಗೆ ಅನುತ್ಪಾದಕವಾಗಿರದ ಯಾವ ಸಾಲವನ್ನೂ ಮುಂದಿನ ಆಜ್ಞೆಯವರೆಗೆ ಅನುತ್ಪಾದಕವೆಂದು ಘೋಷಿಸಕೂಡದೆಂದು ಮಧ್ಯಂತರ ಆಜ್ಞೆ ಮಾಡಿತು. ನ್ಯಾಯಾಲಯದ ಮಾತನ್ನು ಮೀರುವಂತಿಲ್ಲ. ಕಟ್ಟದ ಸಾಲವನ್ನು ಕಟ್ಟಿದ ಸಾಲವೆಂದು ತೋರಿಸಿ ಓದುಗನನ್ನು ವಂಚಿಸುವಂತೆಯೂ ಇಲ್ಲ. ಬ್ಯಾಂಕುಗಳು ಕಂಡುಕೊಂಡ ಉಪಾಯವೇನೆಂದರೆ, ಸೆಪ್ಟೆಂಬರ್ ಮತ್ತು ಡಿಸೆಂಬರ್ ತ್ರೈಮಾಸಿಕಗಳಲ್ಲಿ ಕೋಷ್ಟಕದೊಳಗೆ ನ್ಯಾಯಾಲಯದ ಆಜ್ಞೆಗೆ ಅನುಗುಣವಾದ ಪ್ರಮಾಣವನ್ನು ಕೊಟ್ಟು, ಟಿಪ್ಪಣಿಯಲ್ಲಿ, ಆ ಆಜ್ಞೆ ಇಲ್ಲದಿದ್ದರೆ ಪ್ರಮಾಣ ಇಷ್ಟಾಗುತ್ತಿತ್ತೆಂದು ಎರಡನೆಯ ಸಂಖ್ಯೆಯನ್ನು ಕೊಟ್ಟದ್ದು. 2021ರ ಮಾರ್ಚ್ 23ರಂದು ಆಜ್ಞೆ ತೆರವಾದಾಗ ಅಡಿಟಿಪ್ಪಣಿಯ ಸಂಖ್ಯೆಯೇ ಕೋಷ್ಟಕಕ್ಕೆ ಏರಿಬಂತು. ಟಿಪ್ಪಣಿಯನ್ನು ಓದಿದ್ದವನಿಗೆ ಅಂದು ಆಶ್ಚರ್ಯವಾಗಿರಲಾರದು.

ನಿಯಂತ್ರಕನೇ ಕೆಲವೊಮ್ಮೆ ಕೋಲನ್ನು ಸಡಿಲಿಸುವುದುಂಟು. 2018ರಲ್ಲಿ ಸಾಲಪತ್ರಗಳ ಬೆಲೆ ಕುಸಿದಾಗ ಆ ನಷ್ಟವನ್ನು ನಾಲ್ಕು ತ್ರೈಮಾಸಿಕಗಳಿಗೆ ಹಂಚಿಕೊಳ್ಳಲು ರಿಸರ್ವ್ ಬ್ಯಾಂಕು ಅನುಮತಿಸಿತು; 2021ರ ಅಕ್ಟೋಬರಿನಲ್ಲಿ, ಕುಟುಂಬ ಪಿಂಚಣಿಯ ಏರಿಕೆಯಿಂದ ಒಮ್ಮೆಲೇ ಬಿದ್ದ ಹೊರೆಯನ್ನು ಐದು ವರ್ಷಗಳಿಗೆ ಹಂಚಬಹುದೆಂದಿತು. ಲೆಕ್ಕಮಾನಕವನ್ನು ಕಟ್ಟುನಿಟ್ಟಾಗಿ ಹಿಡಿದರೆ ಎರಡನೆಯದು ಒಂದೇ ಬಾರಿಗೆ ಖರ್ಚಾಗಬೇಕಾಗಿದ್ದದ್ದು. ಆದರೆ ಆ ಅನುಮತಿಯೊಡನೆ ಒಂದು ಷರತ್ತಿತ್ತು, ಅದು ಮೆಚ್ಚತಕ್ಕದ್ದು: ಇನ್ನೂ ಹಂಚದೆ ಉಳಿದ ಮೊತ್ತವೆಷ್ಟೆಂದೂ, ಎಲ್ಲವನ್ನೂ ಈಗಲೇ ಖರ್ಚು ಹಾಕಿದ್ದರೆ ಲಾಭವೆಷ್ಟಾಗುತ್ತಿತ್ತೆಂದೂ ಬ್ಯಾಂಕು ಹೇಳಲೇಬೇಕು.

ಇನ್ನು 2024ರ ಜೂನಿನ ಆ ಲಾಭ. ಬ್ಯಾಂಕಿನ ಬಳಿಯಿರುವ ಸರಕಾರಿ ಸಾಲಪತ್ರಗಳೇ ಮೊದಲಾದ ಹೂಡಿಕೆಗಳ ವರ್ಗೀಕರಣ ಮತ್ತು ಮೌಲ್ಯಮಾಪನಗಳಿಗೆ ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರ್ 12ರಂದು ಹೊರಡಿಸಿದ ಹೊಸ ನಿರ್ದೇಶನವು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿತ್ತು. ಅದರ ಪ್ರಕಾರ ತಯಾರಾದ ಮೊದಲ ಪತ್ರವೇ ಅದು. ಏನು ಬದಲಾಯಿತೆಂಬುದನ್ನು ಒಂದು ಕಾಲ್ಪನಿಕ ಪತ್ರದ ಮೂಲಕ ನೋಡೋಣ. ನೂರು ರೂಪಾಯಿ ಮುಖಬೆಲೆಯ, ಎಂಟು ವರ್ಷ ಬಾಕಿಯಿರುವ ಸಾಲಪತ್ರವನ್ನು ಬ್ಯಾಂಕು 96 ರೂಪಾಯಿಗೆ ಕೊಂಡು, ಮುಕ್ತಾಯದವರೆಗೆ ಇಟ್ಟುಕೊಳ್ಳುವುದಾಗಿ ನಿಶ್ಚಯಿಸಿತೆನ್ನಿ. ಕಡೆಗೆ ದೊರೆಯುವ ನಾಲ್ಕು ರೂಪಾಯಿ ಹೆಚ್ಚಿನ ಹಣವನ್ನು ಹಳೆಯ ನೀತಿಯಲ್ಲಿ ಅದು ಕೈಸೇರುವವರೆಗೆ ಎಣಿಸುತ್ತಿರಲಿಲ್ಲ. ಮುಖಬೆಲೆಗಿಂತ ಹೆಚ್ಚು ಕೊಟ್ಟು ಕೊಂಡಿದ್ದರೆ ಮಾತ್ರ ಆ ಹೆಚ್ಚಳವನ್ನು ವರ್ಷವರ್ಷವೂ ಕರಗಿಸಿ ಖರ್ಚು ಬರೆಯುತ್ತಿದ್ದರು. ಹೊಸ ನೀತಿಯಲ್ಲಿ ಎರಡು ಕಡೆಗೂ ಒಂದೇ ನ್ಯಾಯ: ಸ್ಥೂಲವಾಗಿ ವರ್ಷಕ್ಕೆ ಐವತ್ತು ಪೈಸೆಯಂತೆ ಆ ನಾಲ್ಕು ರೂಪಾಯಿಯೂ ಬಡ್ಡಿಯ ಆದಾಯಕ್ಕೆ ಸೇರುತ್ತದೆ. ಪತ್ರ ಅದೇ, ಬೆಲೆ ಅದೇ, ಆದಾಯ ಹೆಚ್ಚು. ಮಾರಾಟಕ್ಕೆ ಲಭ್ಯವೆಂದಿಟ್ಟ ಪತ್ರಗಳ ವಿಷಯದಲ್ಲಿ ಹಿಂದೆ ಬೆಲೆ ಇಳಿದರೆ ನಷ್ಟ ಬರೆದು, ಏರಿದರೆ ಸುಮ್ಮನಿರುತ್ತಿದ್ದರು. ಈಗ ಏರಿಳಿತಗಳೆರಡೂ ಲಾಭನಷ್ಟದ ಲೆಕ್ಕವನ್ನು ಮುಟ್ಟದೆ ನೇರವಾಗಿ ಒಂದು ಮೀಸಲಿಗೆ ಹೋಗುತ್ತವೆ. ದಾಟುವ ದಿನ ಕಂಡುಬಂದ ವ್ಯತ್ಯಾಸವೂ ಮೀಸಲುಗಳಿಗೇ ಸೇರಿತು. ಹೀಗಾಗಿ 2023ರ ಜೂನಿನ 3,535 ಕೋಟಿಯನ್ನೂ 2024ರ ಜೂನಿನ 3,905 ಕೋಟಿಯನ್ನೂ ಹೋಲಿಸುವವನು, ಆ ಏರಿಕೆಯಲ್ಲಿ ಗಳಿಕೆಯೆಷ್ಟು, ಕೋಲಿನ ಬದಲಾವಣೆಯೆಷ್ಟು ಎಂದು ಟಿಪ್ಪಣಿಯನ್ನೇ ಕೇಳಬೇಕು.

ಅದೇ ಪತ್ರದಲ್ಲಿ ಇನ್ನೊಂದು ಸಣ್ಣ ಬಲೆಯಿತ್ತು. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕು ತನ್ನ ಹತ್ತು ರೂಪಾಯಿಯ ಷೇರನ್ನು ಎರಡು ರೂಪಾಯಿಯ ಐದು ಷೇರುಗಳಾಗಿ ಒಡೆದಿದ್ದರಿಂದ, ಹಿಂದಿನ ವರ್ಷದ ಪತ್ರದಲ್ಲಿ ಹತ್ತೊಂಬತ್ತು ರೂಪಾಯಿಗೆ ಮೇಲ್ಪಟ್ಟಿದ್ದ ತಲಾ ಷೇರಿನ ಗಳಿಕೆಯು ಹೊಸ ಪತ್ರದಲ್ಲಿ ಐದರಲ್ಲೊಂದಾಯಿತು. ಯಾರ ಗಂಟೂ ಕರಗಿರಲಿಲ್ಲ.

ಮುಂದೆ ಬರಲಿರುವುದು ಇದಕ್ಕಿಂತ ದೊಡ್ಡ ಬದಲಾವಣೆ. ಸಾಲ ಕೆಟ್ಟ ಮೇಲೆ ಹಣ ತೆಗೆದಿರಿಸುವುದಕ್ಕೆ ಬದಲಾಗಿ, ಕೆಡಬಹುದಾದ ಸಂಭವವನ್ನು ಮೊದಲೇ ಎಣಿಸಿ ತೆಗೆದಿರಿಸಬೇಕೆಂಬ, ನಿರೀಕ್ಷಿತ ನಷ್ಟದ ಪದ್ಧತಿಯ ಕರಡನ್ನು ರಿಸರ್ವ್ ಬ್ಯಾಂಕು 2025ರ ಅಕ್ಟೋಬರಿನಲ್ಲಿ ಪ್ರಕಟಿಸಿ, 2027ರ ಏಪ್ರಿಲ್ 1ನ್ನು ಆರಂಭದ ದಿನವಾಗಿ ಸೂಚಿಸಿತು; ಬಂಡವಾಳದ ಮೇಲಣ ಪೆಟ್ಟನ್ನು 2031ರ ಮಾರ್ಚಿನವರೆಗೆ ಹಂತಹಂತವಾಗಿ ಹೊರಲು ಅವಕಾಶವನ್ನೂ ಸೂಚಿಸಿತು. ಕಂತು ಮೂವತ್ತು ದಿನ ತಪ್ಪಿದರೇ ಸಾಲದ ಅಪಾಯ ಏರಿತೆಂದು ಭಾವಿಸುವ ಪದ್ಧತಿ ಇದು. ತೊಂಬತ್ತು ದಿನಗಳ ಗಡುವನ್ನೇ ಒಲ್ಲೆನೆಂದು ಬೆಳೆಗಾಲವನ್ನು ಕೇಳಿ ಪಡೆದ ರಾಗಿಯ ಹೊಲಕ್ಕೆ ಮೂವತ್ತು ದಿನಗಳನ್ನು ಹೊಂದಿಸುವ ಬಗೆ ಹೇಗೆ, ಬ್ಯಾಂಕುಗಳು ತಮ್ಮ ಅಂದಾಜಿನ ಆಧಾರಗಳನ್ನು ಎಷ್ಟರಮಟ್ಟಿಗೆ ಬಿಚ್ಚಿ ಹೇಳುತ್ತವೆ, ಎಂಬುದನ್ನು ಹೊಸ ಪದ್ಧತಿಯಲ್ಲಿ ಬರುವ ಮೊದಲ ತ್ರೈಮಾಸಿಕ ಪತ್ರದ ಕೆಳಭಾಗದಲ್ಲಿ ಹುಡುಕತಕ್ಕದ್ದು. ನೀತಿಗಿಂತ ಅಂದಾಜಿಗೆ ಹೆಚ್ಚು ಎಡೆಯಿರುವ ಲೆಕ್ಕ ಅದಾಗುವುದರಿಂದ, ಆ ಟಿಪ್ಪಣಿಯು ಹಿಂದಿನವುಗಳಿಗಿಂತ ಉದ್ದವಾಗಿಯೇ ಇರಬೇಕಾಗುತ್ತದೆ.